ಮಳೆಗೆ ಮುಂಚಿನ ತಪಾಸಣೆ: ಕಟ್ಟಡ ಕಾಮಗಾರಿ ಮತ್ತು ವರ್ತಕರ ಹಿತ

ವಿಜಯಪುರದಿಂದ ಹೊಸಪೇಟೆಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 50ರ (ಹಿಂದಿನ ಹೆದ್ದಾರಿ 13ರ) ಬದಿಯಲ್ಲಿರುವ ಮನಗೂಳಿಯು ತಾಳಿಕೋಟೆ ಮಾರ್ಗವಾಗಿ ದೇವಾಪುರಕ್ಕೆ ಹೋಗುವ ರಾಜ್ಯ ಹೆದ್ದಾರಿಯ ಆರಂಭಸ್ಥಾನವೂ ಆಗಿದೆ. ಎರಡು ದಾರಿ ಕೂಡುವಲ್ಲಿ ವ್ಯಾಪಾರ ಬೆಳೆಯುವುದು ಸಹಜ. ಒಂದು ಕಾಲಕ್ಕೆ ಗ್ರಾಮ ಪಂಚಾಯಿತಿಯಾಗಿದ್ದ ಊರು ಪಟ್ಟಣ ಪಂಚಾಯಿತಿಯಾಗಿದೆ. ಇಂಥ ಊರುಗಳಲ್ಲಿ ಹೆದ್ದಾರಿಯ ಎರಡೂ ಮಗ್ಗುಲಿಗೆ ಮಳಿಗೆಗಳು, ಗೋದಾಮುಗಳು, ಗ್ಯಾರೇಜುಗಳು, ಮಂಗಲ ಕಾರ್ಯಾಲಯಗಳು ಎದ್ದು ನಿಲ್ಲುತ್ತಿರುವುದು ಪ್ರಗತಿಯ ಲಕ್ಷಣವೇ ಸರಿ. ಆದರೆ ಕಟ್ಟಡ ಏಳುವ ತಿಂಗಳುಗಳಲ್ಲಿ ಆ ನಿವೇಶನದ ಮೇಲೆ ಬಿದ್ದ ಮಳೆನೀರು ಎಲ್ಲಿಗೆ ಹೋಗುತ್ತದೆ, ಏನನ್ನು ಹೊತ್ತುಕೊಂಡು ಹೋಗುತ್ತದೆ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಉತ್ತರವು ಮಾತ್ರ ಪ್ರತಿ ಮಳೆಗಾಲದಲ್ಲಿಯೂ ಕೆಳಗಿನ ಓಣಿಯ ಅಂಗಡಿಕಾರನ ಬಾಗಿಲಿಗೆ ತಾನಾಗಿಯೇ ಬಂದು ನಿಲ್ಲುತ್ತದೆ.

ರಸ್ತೆಯ ಅಂಚಿಗೆ ಸುರಿದ ಉಸುಕು, ಖಡಿ ಮತ್ತು ಮುರುಮಿನ ರಾಶಿ, ಪಾಯದಿಂದ ತೆಗೆದು ಗಟಾರದ ಪಕ್ಕದಲ್ಲಿಯೇ ಒಟ್ಟಿದ ಎರೆಮಣ್ಣು, ಕಾಂಕ್ರೀಟು ಮಿಕ್ಸರ್ ತೊಳೆದ ಬಿಳಿನೀರು, ಇವು ಜಿಲ್ಲೆಯ ಯಾವ ಊರಿನಲ್ಲಿಯೂ ಕಾಣಸಿಗುವ ನೋಟಗಳು. ಒಂದು ಬಿರುಸಿನ ಮಳೆ ಬಂದರೆ ಸಾಕು, ಇವೆಲ್ಲವೂ ಗಟಾರ ಸೇರುತ್ತವೆ. ಗಟಾರ ಹೂತಮೇಲೆ ನೀರು ರಸ್ತೆಗೆ, ರಸ್ತೆಯಿಂದ ಅಡತಿ ಅಂಗಡಿಯ ಗೋದಾಮಿಗೆ ನುಗ್ಗುತ್ತದೆ. ತೊಗರಿ ಅಥವಾ ಜೋಳದ ಚೀಲಗಳ ಕೆಳಸಾಲು ನೆನೆದರೆ ಆ ನಷ್ಟವನ್ನು ಭರಿಸುವವನು ಕಟ್ಟಡ ಕಟ್ಟಿಸಿದವನೂ ಅಲ್ಲ, ಗುತ್ತಿಗೆದಾರನೂ ಅಲ್ಲ. ಯಾವ ತಪ್ಪನ್ನೂ ಮಾಡದ ಮೂರನೆಯ ವ್ಯಕ್ತಿ ಅದನ್ನು ಹೊರಬೇಕಾಗುತ್ತದೆ. ಕಟ್ಟಡ ಕಾಮಗಾರಿಯಲ್ಲಿ ಮಳೆನೀರಿನ ತಪಾಸಣೆ ಎಂಬುದು ಪರಿಸರವಾದಿಗಳ ಬೇಡಿಕೆಯಷ್ಟೇ ಎಂದು ಭಾವಿಸಿರುವ ವ್ಯಾಪಾರಸ್ಥ ಬಾಂಧವರು ಈ ದೃಷ್ಟಿಯಿಂದ ಅದನ್ನು ಮತ್ತೊಮ್ಮೆ ಪರಿಶೀಲಿಸುವುದು ಅಗತ್ಯವಾಗಿದೆ.

ಕಡಿಮೆ ಮಳೆಯ ನಾಡಿನಲ್ಲಿ ಹೆಚ್ಚಿನ ಅಪಾಯ

ವಿಜಯಪುರ ಜಿಲ್ಲೆಗೆ ಬರದ ಜಿಲ್ಲೆ ಎಂಬ ಹೆಸರು ಅಂಟಿಕೊಂಡಿದೆ. ವರ್ಷದ ಸರಾಸರಿ ಮಳೆ 600 ಮಿಲಿಮೀಟರಿನ ಆಸುಪಾಸು. ಇಷ್ಟು ಕಡಿಮೆ ಮಳೆಯ ಊರಿಗೆ ಮಳೆನೀರಿನ ನಿಯಮವೇಕೆ ಎಂದು ಕೇಳುವವರಿದ್ದಾರೆ. ಆದರೆ ಇಲ್ಲಿನ ಮಳೆ ವರ್ಷದುದ್ದಕ್ಕೂ ಹಂಚಿಕೊಂಡು ಬೀಳುವುದಿಲ್ಲ. ಹಿಂಗಾರಿನ ಮುಖದಲ್ಲಿ, ವಿಶೇಷವಾಗಿ ಸೆಪ್ಟೆಂಬರಿನಲ್ಲಿ, ಕೆಲವೇ ದಿನಗಳಲ್ಲಿ ಬಿರುಸಾಗಿ ಸುರಿದು ಹೋಗುತ್ತದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಆರಂಭದಲ್ಲಿ ಉತ್ತರ ಕರ್ನಾಟಕವನ್ನು ನಡುಗಿಸಿದ ನೆರೆಯನ್ನು ಯಾರೂ ಮರೆತಿಲ್ಲ. 2020ರ ಅಕ್ಟೋಬರಿನಲ್ಲಿಯೂ 2025ರ ಸೆಪ್ಟೆಂಬರಿನಲ್ಲಿಯೂ ಭೀಮಾತೀರದ ಹಳ್ಳಿಗಳು ಜಲಾವೃತವಾದವು.

ಮಳೆಯ ರೀತಿಯ ಜೊತೆಗೆ ಮಣ್ಣಿನ ಗುಣವೂ ಸೇರುತ್ತದೆ. ಎರೆಮಣ್ಣು ಮೊದಲ ನೀರನ್ನು ಬಿರುಕುಗಳಲ್ಲಿ ಕುಡಿದು ಉಬ್ಬುತ್ತದೆ. ಬಿರುಕು ಮುಚ್ಚಿದ ಮೇಲೆ ನೀರು ಒಳಗಿಳಿಯದೆ ಮೇಲ್ಮೈಯಲ್ಲಿಯೇ ಹರಿಯುತ್ತದೆ. ಟಿಪ್ಪರು, ಜೆಸಿಬಿಗಳು ಓಡಾಡಿ ಗಟ್ಟಿಯಾದ ನಿವೇಶನದಲ್ಲಂತೂ ಬಿದ್ದ ಮಳೆಯ ಬಹುಪಾಲು ಹೊರಕ್ಕೇ ಹರಿಯುತ್ತದೆ. ಲೆಕ್ಕವು ಸರಳವಾಗಿದೆ. 30 ಅಡಿಗೆ 40 ಅಡಿಯ ಒಂದು ನಿವೇಶನದ ಮೇಲೆ 25 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 2,800 ಲೀಟರ್ ನೀರಾಗುತ್ತದೆ. ಒಂದು ಎಕರೆಯ ಮೇಲೆ ಅಷ್ಟೇ ಮಳೆ ಬಿದ್ದರೆ ಅದು ಸುಮಾರು ಒಂದು ಲಕ್ಷ ಲೀಟರ್. ಎಕರೆಗಟ್ಟಲೆ ಹೊಲವನ್ನು ಬಿನ್‌ಶೇತಕಿ ಮಾಡಿಸಿ ಬಡಾವಣೆ ಎಬ್ಬಿಸುವಾಗ ಬದು ಒಡ್ಡುಗಳನ್ನು ಸಮತಟ್ಟು ಮಾಡಿದರೆ ಈ ನೀರನ್ನು ತಡೆಯುವ ಹಳೆಯ ವ್ಯವಸ್ಥೆಯೇ ಇಲ್ಲವಾಗುತ್ತದೆ.

ಈ ಭಾಗದ ಹಳ್ಳಕೊಳ್ಳಗಳು ಡೋಣಿ ಹೊಳೆಯ ಕಣಿವೆಗೆ ಇಳಿಯುತ್ತವೆ. ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂಬುದು ಜಿಲ್ಲೆಯ ಹಿರಿಯರ ಮಾತು. ಅದೇ ಡೋಣಿಯ ಪಾತ್ರ ಇಂದು ಹೂಳಿನಿಂದ ತುಂಬಿ, ಸಾಧಾರಣ ಮಳೆಗೂ ದಂಡೆ ಮೀರಿ ಹೊಲಗಳಿಗೆ ನುಗ್ಗುತ್ತದೆ. ತಾಳಿಕೋಟೆಯ ಬಳಿ ಸೇತುವೆ ಮುಳುಗಿ ಸಂಚಾರ ನಿಲ್ಲುವುದು ವ್ಯಾಪಾರಸ್ಥರಿಗೆ ಹೊಸ ಸಂಗತಿಯಲ್ಲ. ಡೋಣಿಯ ಹೂಳಿನ ದೊಡ್ಡ ಪಾಲು ಹೊಲಗಳ ಮಣ್ಣು ಸವಕಳಿಯಿಂದ ಬಂದದ್ದು, ಕಟ್ಟಡಗಳಿಂದಲ್ಲ ಎಂಬುದನ್ನು ಒಪ್ಪಲೇಬೇಕು. ಆದರೆ ಒಂದು ಹೋಲಿಕೆ ಗಮನಾರ್ಹ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜಿನಂತೆ, ಸಮಾನ ವಿಸ್ತೀರ್ಣದ ಕೃಷಿಭೂಮಿಗಿಂತ ಕಟ್ಟಡ ಕಾಮಗಾರಿಯ ನೆಲದಿಂದ 10ರಿಂದ 20 ಪಟ್ಟು ಹೆಚ್ಚು ಮಣ್ಣು ಕೊಚ್ಚಿಹೋಗುತ್ತದೆ. ಹೊಳೆಯ ಲೆಕ್ಕದಲ್ಲಿ ಈ ಮಣ್ಣು ಅಲ್ಪವಾಗಿದ್ದರೂ ಊರ ಗಟಾರದ ಲೆಕ್ಕದಲ್ಲಿ ಅದೇ ಮುಖ್ಯ.

ಕಾನೂನು ಏನು ಹೇಳುತ್ತದೆ?

ಈ ವಿಷಯದಲ್ಲಿ ಕಾನೂನೇ ಇಲ್ಲ ಎಂಬ ಭಾವನೆ ವ್ಯಾಪಕವಾಗಿದೆ. ಅದು ಸರಿಯಲ್ಲ. 1974ರ ಜಲ ಮಾಲಿನ್ಯ ನಿಯಂತ್ರಣ ಕಾಯ್ದೆಯ 24ನೆಯ ಕಲಮು ಹೊಳೆಹಳ್ಳಗಳಿಗೆ ಮಾಲಿನ್ಯಕಾರಕ ವಸ್ತುಗಳನ್ನು ಬಿಡುವುದನ್ನೂ, ಮಾಲಿನ್ಯ ಉಲ್ಬಣಿಸುವಂತೆ ನೀರಿನ ಹರಿವಿಗೆ ಅಡ್ಡಿಯಾಗುವ ವಸ್ತುಗಳನ್ನು ಹಾಕುವುದನ್ನೂ ನಿಷೇಧಿಸುತ್ತದೆ. ಅದರ ವ್ಯಾಖ್ಯೆಯಲ್ಲಿ ಹರಿಯುವ ಹಳ್ಳವಷ್ಟೇ ಅಲ್ಲದೆ ಸದ್ಯಕ್ಕೆ ಒಣಗಿರುವ ಹಳ್ಳವೂ ಸೇರಿದೆ. ವರ್ಷದ ಎಂಟು ಹತ್ತು ತಿಂಗಳು ಹಳ್ಳಗಳು ಒಣಗಿಯೇ ಇರುವ ಈ ಜಿಲ್ಲೆಗೆ ಆ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಬತ್ತಿದ ಹಳ್ಳಕ್ಕೆ ಕಟ್ಟಡದ ಭಗ್ನಾವಶೇಷ ಸುರಿದರೆ ಯಾರ ಗೊಡವೆಯೂ ಇಲ್ಲ ಎಂಬ ತಿಳಿವಳಿಕೆ ಕಾನೂನಿನ ಮುಂದೆ ನಿಲ್ಲುವುದಿಲ್ಲ.

2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ 20,000 ಚದರ ಮೀಟರ್, ಅಂದರೆ ಸುಮಾರು 2.15 ಲಕ್ಷ ಚದರ ಅಡಿ ಮತ್ತು ಅದಕ್ಕೂ ಹೆಚ್ಚಿನ ಕಟ್ಟಡ ಯೋಜನೆಗಳಿಗೆ ಪರಿಸರ ಪೂರ್ವಾನುಮತಿ ಬೇಕು. ಅನುಮತಿ ಪಡೆದವರು ಷರತ್ತುಗಳ ಪಾಲನೆಯ ವರದಿಯನ್ನು ಪ್ರತಿವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಸಲ್ಲಿಸಬೇಕೆಂಬುದು ಆ ಅಧಿಸೂಚನೆಯ ಕಟ್ಟಳೆ. ಕಟ್ಟಡ ತ್ಯಾಜ್ಯದ ಬಗ್ಗೆ 2016ರಲ್ಲಿ ಬಂದ ನಿಯಮಗಳು, ತ್ಯಾಜ್ಯವನ್ನು ತನ್ನ ಆವರಣದೊಳಗೇ ಇಟ್ಟುಕೊಳ್ಳಬೇಕು, ರಸ್ತೆ ಮತ್ತು ಚರಂಡಿಗಳಿಗೆ ಅಡ್ಡಿಯಾಗಬಾರದು ಎಂಬ ಹೊಣೆಯನ್ನು ಪ್ರತಿಯೊಬ್ಬ ನಿರ್ಮಾಣಕಾರನ ಮೇಲೂ ಹೊರಿಸಿದ್ದವು. ಅವುಗಳ ಸ್ಥಾನಕ್ಕೆ 2025ರ ಏಪ್ರಿಲ್‌ನಲ್ಲಿ ಪ್ರಕಟವಾಗಿ 2026ರ ಏಪ್ರಿಲ್ 1ನ್ನು ಜಾರಿಯ ದಿನವಾಗಿ ಗೊತ್ತುಪಡಿಸಿದ ನಿಯಮಗಳ ಮುಖ್ಯ ಭಾರ ಮತ್ತೆ 20,000 ಚದರ ಮೀಟರ್ ಮೀರಿದ ಯೋಜನೆಗಳ ಮೇಲೆಯೇ ಇದೆ.

ಹೀಗಾಗಿ ಮನಗೂಳಿ, ಬಸವನ ಬಾಗೇವಾಡಿ, ಸಿಂದಗಿ, ಇಂಡಿ, ಮುದ್ದೇಬಿಹಾಳದಂಥ ಊರುಗಳಲ್ಲಿ ಏಳುವ ಕಟ್ಟಡಗಳಲ್ಲಿ ಬಹುತೇಕ ಎಲ್ಲವೂ ದೊಡ್ಡ ನಿಯಮಗಳ ಜಾಲದ ಕಣ್ಣುಗಳಿಂದ ಕೆಳಗೆ ಸೋರಿಹೋಗುತ್ತವೆ. ಅವುಗಳ ಮೇಲೆ ಉಳಿಯುವುದು ಸ್ಥಳೀಯ ಸಂಸ್ಥೆಯ ಕಟ್ಟಡ ಪರವಾನಗಿಯೊಂದೇ. ಆ ಪರವಾನಗಿಯ ಕಾಗದದಲ್ಲಿ ಕಟ್ಟಡದ ಎತ್ತರ ಎಷ್ಟು, ಸುತ್ತ ಬಿಡಬೇಕಾದ ಜಾಗ ಎಷ್ಟು ಎಂಬುದಕ್ಕೆ ಇರುವ ಮಹತ್ವವು ಕಾಮಗಾರಿಯ ಕಾಲದ ಮಳೆನೀರಿಗೆ ದೊರೆಯುವುದಿಲ್ಲ. ಒಂದು ದೊಡ್ಡ ಕಾಮಗಾರಿ ಮಾಡುವ ಹಾನಿಗಿಂತ ಐವತ್ತು ಸಣ್ಣ ಕಾಮಗಾರಿಗಳು ಒಂದೇ ಗಟಾರಕ್ಕೆ ಮಾಡುವ ಹಾನಿ ಕಡಿಮೆಯೇನಲ್ಲ.

ಇತರೆಡೆಯ ಪಾಠಗಳು

ಅಮೆರಿಕದಲ್ಲಿ ಈ ಅಂತರವನ್ನು ಮೂರು ದಶಕಗಳ ಹಿಂದೆಯೇ ಗುರುತಿಸಲಾಯಿತು. 1990ರ ನಿಯಮದಂತೆ ಐದು ಎಕರೆ ಮೀರಿದ ಕಾಮಗಾರಿಗಳಿಗೆ ಮಾತ್ರವಿದ್ದ ಮಳೆನೀರಿನ ಪರವಾನಗಿಯನ್ನು 1999ರ ಎರಡನೆಯ ಹಂತದ ನಿಯಮವು ಒಂದು ಎಕರೆಯವರೆಗೂ ಇಳಿಸಿತು. ಅಲ್ಲಿನ ಗುತ್ತಿಗೆದಾರನು ಕೆಲಸ ಆರಂಭಿಸುವ ಮೊದಲೇ ಮಣ್ಣು ಹೊರಹೋಗದಂತೆ ತಡೆಯುವ ಯೋಜನೆಯನ್ನು ಬರೆದಿಡಬೇಕು. ಏಳು ದಿನಕ್ಕೊಮ್ಮೆ, ಇಲ್ಲವೇ ಹದಿನಾಲ್ಕು ದಿನಕ್ಕೊಮ್ಮೆ ಮತ್ತು ಕಾಲು ಇಂಚಿನ ಮಳೆ ಬಿದ್ದ 24 ಗಂಟೆಗಳೊಳಗೆ ತಾನೇ ತಪಾಸಣೆ ಮಾಡಿ ದಾಖಲೆ ಇಡಬೇಕು. ನೀರು ತಂಗುವ ಹೊಂಡವನ್ನು ನಿರ್ಮಿಸುವಲ್ಲಿ ಎಕರೆಗೆ 3,600 ಘನ ಅಡಿ ಎಂಬುದು ಅಲ್ಲಿ ಒಪ್ಪಿತವಾದ ಒಂದು ಅಳತೆ. ಇದು ಮೇಲೆ ಹೇಳಿದ ಒಂದು ಲಕ್ಷ ಲೀಟರಿಗೆ ಸರಿಸುಮಾರು ಸಮನಾಗಿದೆ. ಇಲ್ಲಿ ಮುಖ್ಯವಾದುದು, ವಾಡಿಕೆಯ ತಪಾಸಣೆಯನ್ನು ಮಾಡುವವನು ಕಾಮಗಾರಿಯ ಹೊಣೆ ಹೊತ್ತವನೇ ಎಂಬ ಸಂಗತಿ. ಸರಕಾರಿ ಅಧಿಕಾರಿ ಬಂದಾಗ ಅವನು ಮೊದಲು ನೋಡುವುದು ಆ ದಾಖಲೆಯನ್ನು.

ಅಷ್ಟು ದೂರ ಹೋಗಬೇಕಾಗಿಲ್ಲ. ರಾಜಧಾನಿ ಬೆಂಗಳೂರಿನ ಉದಾಹರಣೆಯೇ ಸಾಕು. 2021ರಲ್ಲಿ ಸದನದ ಮುಂದೆ ಬಂದ ಮಹಾಲೇಖಪಾಲರ ವರದಿಯು ಕೋರಮಂಗಲ ಮತ್ತು ವೃಷಭಾವತಿ ಕಣಿವೆಗಳ ರಾಜಕಾಲುವೆಗಳ ಉದ್ದ ಹಿಂದಿನ ಶತಮಾನದ ಆರಂಭದಲ್ಲಿದ್ದುದಕ್ಕಿಂತ ಸುಮಾರು ಅರ್ಧಕ್ಕೆ ಇಳಿದಿರುವುದನ್ನು ಎತ್ತಿ ತೋರಿಸಿತು. ಮರುವರ್ಷವೇ, 2022ರ ಆಗಸ್ಟ್ ಮತ್ತು ಸೆಪ್ಟೆಂಬರಿನ ಮಳೆಗೆ ಹೊರವರ್ತುಲ ರಸ್ತೆ ಮುಳುಗಿತು. ಆಗಸ್ಟ್ 30ರ ಒಂದೇ ದಿನ ನೌಕರರು ರಸ್ತೆಯಲ್ಲಿ ಸಿಲುಕಿದ್ದರಿಂದ 225 ಕೋಟಿ ರೂಪಾಯಿ ನಷ್ಟವಾಯಿತೆಂದು ಅಲ್ಲಿನ ಕಂಪನಿಗಳ ಸಂಘವು ಮುಖ್ಯಮಂತ್ರಿಗಳಿಗೆ ಪತ್ರ ಬರೆಯಿತು. ಆ ಪತ್ರ ಬರೆಯುವ ಹೊತ್ತಿಗೆ ಕಾಲುವೆಗಳು ಮುಚ್ಚಿ ದಶಕಗಳೇ ಕಳೆದಿದ್ದವು. ಬೆಂಗಳೂರಿಗೆ ತಪ್ಪಿಹೋದ ಕಾಲಾವಕಾಶ ಮನಗೂಳಿಯಂಥ ಸಣ್ಣ ಪಟ್ಟಣಗಳಿಗೆ ಇನ್ನೂ ಇದೆ.

ನಿಯಮಗಳನ್ನು ಮೊದಲೇ ಪಾಲಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸ್ವಂತ ಜಿಲ್ಲೆಯಲ್ಲಿಯೇ ದೃಷ್ಟಾಂತವಿದೆ. ಬುರಣಾಪುರ–ಮದಬಾವಿಯ ಬಳಿಯ ವಿಜಯಪುರ ವಿಮಾನ ನಿಲ್ದಾಣದ ಕಾಮಗಾರಿಗೆ 2021ರಲ್ಲಿ ಚಾಲನೆ ದೊರೆಯಿತು. ಪರಿಸರ ಪೂರ್ವಾನುಮತಿಗೆ ಮುಂಚೆಯೇ ಕೆಲಸ ಆರಂಭವಾದ ಪ್ರಶ್ನೆ ನ್ಯಾಯಾಲಯದ ಮುಂದಿದ್ದ ಕಾರಣ, ಕಾಮಗಾರಿ ಬಹುಪಾಲು ಮುಗಿದರೂ 2025ರಲ್ಲಿಯೂ ವಿಮಾನ ಹಾರಲಿಲ್ಲ. ಕೆಲಸದ ನಂತರ ನೀಡುವ ಅನುಮತಿ ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು 2025ರ ಮೇ 16ರಂದು ತೀರ್ಪಿತ್ತು, ನವೆಂಬರ್ 18ರಂದು ಬಹುಮತದಿಂದ ಅದನ್ನು ಹಿಂಪಡೆಯಿತು. ಈ ಏರಿಳಿತದಲ್ಲಿ ಕಾದು ಕುಳಿತವರು ದ್ರಾಕ್ಷಿ ಮತ್ತು ನಿಂಬೆಯ ಸಾಗಣೆಯ ಕನಸು ಕಂಡ ಜಿಲ್ಲೆಯ ಜನರೇ. ಮೊದಲು ತೆಗೆದುಕೊಳ್ಳಬೇಕಾದ ಕಾಗದವನ್ನು ಆಮೇಲೆ ತೆಗೆದುಕೊಳ್ಳಲು ಹೋದರೆ ತಗಲುವ ಬೆಲೆಯನ್ನು ಸಣ್ಣ ಉದ್ಯಮಿ ಎಂದಿಗೂ ತಾಳಲಾರ.

ಮತ್ತೊಬ್ಬ ಇನ್‌ಸ್ಪೆಕ್ಟರ್ ಬೇಕೇ?

ತಪಾಸಣೆ ಎಂಬ ಪದ ಕೇಳಿದೊಡನೆ ವರ್ತಕರ ಮನಸ್ಸಿನಲ್ಲಿ ಏಳುವ ಆತಂಕ ನಿರಾಧಾರವಾದುದಲ್ಲ. ತೂಕ ಮತ್ತು ಅಳತೆ, ಕಾರ್ಮಿಕ, ಆಹಾರ, ತೆರಿಗೆ ಹೀಗೆ ಅನೇಕ ಇಲಾಖೆಗಳ ಕಣ್ಣು ಈಗಾಗಲೇ ಅವರ ಮೇಲಿದೆ. ಇನ್ನೊಬ್ಬ ಅಧಿಕಾರಿ, ಇನ್ನೊಂದು ಕಾಗದ, ಇನ್ನೊಂದು ಮಾಮೂಲು ಎಂಬ ಭಯಕ್ಕೆ ಅನುಭವದ ಬುಡವಿದೆ. ಮೇಲಾಗಿ, ಸಾರ್ವಜನಿಕ ಕಾಮಗಾರಿಗಳ ಗುತ್ತಿಗೆದಾರರು ರಸ್ತೆ ಅಗೆದು ಮಣ್ಣನ್ನು ಗಟಾರದ ಬಾಯಿಗೇ ಒಟ್ಟಿದರೆ ಕೇಳುವವರಿಲ್ಲ, ಅಂಗಡಿಯವನು ಎರಡು ಬುಟ್ಟಿ ಉಸುಕು ಹಾಕಿದರೆ ದಂಡ ಎಂಬ ಆಕ್ಷೇಪಣೆಯಲ್ಲಿಯೂ ಸತ್ಯಾಂಶವಿದೆ.

ಆದರೆ ಈ ಆತಂಕಕ್ಕೆ ಪರಿಹಾರ ನಿಯಮವಿಲ್ಲದಿರುವುದರಲ್ಲಿ ಇಲ್ಲ. ನಿಯಮ ಅಸ್ಪಷ್ಟವಾಗಿದ್ದಷ್ಟೂ ಅಧಿಕಾರಿಯ ಇಚ್ಛೆಗೆ ಹೆಚ್ಚು ಅವಕಾಶ. ಅದು ಒಂದು ಪುಟದಲ್ಲಿ ಸ್ಪಷ್ಟವಾಗಿದ್ದರೆ ಇಚ್ಛೆಗೆ ಎಡೆ ಕಡಿಮೆ. ಕಾನೂನಿನ ಗಾಳಿಯೂ ಈಚೆಗೆ ಆ ದಿಕ್ಕಿಗೇ ಬೀಸಿದೆ. 2023ರ ಜನ ವಿಶ್ವಾಸ ತಿದ್ದುಪಡಿಯಿಂದ, 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಉಲ್ಲಂಘನೆಗಿದ್ದ ಸೆರೆವಾಸದ ಬದಲಿಗೆ 10,000 ರೂಪಾಯಿಯಿಂದ 15 ಲಕ್ಷ ರೂಪಾಯಿಯವರೆಗಿನ ದಂಡ 2024ರ ಏಪ್ರಿಲ್ 1ರಿಂದ ಬಂದಿದೆ. ಜೈಲಿನ ಭಯ ಹೋದದ್ದು ಸ್ವಾಗತಾರ್ಹವಾದರೂ ಹತ್ತು ಸಾವಿರಕ್ಕೂ ಹದಿನೈದು ಲಕ್ಷಕ್ಕೂ ನಡುವಿನ ಅಂತರ ಬಹಳ ದೊಡ್ಡದು. ಎಷ್ಟು ದಂಡ ಎಂಬುದನ್ನು ಅಧಿಕಾರಿಯೊಬ್ಬರು ನಿರ್ಣಯಿಸುವಾಗ ತಾನು ಮುಂಜಾಗ್ರತೆ ವಹಿಸಿದ್ದೆನೆಂದು ತೋರಿಸಲು ಉದ್ಯಮಿಯ ಕೈಯಲ್ಲಿ ದಿನಾಂಕವಿರುವ ಬರಹದ ದಾಖಲೆ ಇರಬೇಕು. ಖಾತೆ ಕೀರ್ದಿಗಳ ಬೆಲೆ ಬಲ್ಲ ವರ್ತಕ ಸಮುದಾಯಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಾಡಬೇಕಾದುದೇನು?

ಮೊದಲನೆಯದಾಗಿ, ಕಟ್ಟಡ ಪರವಾನಗಿಯೊಂದಿಗೆ ಒಂದು ಪುಟದ ಮಳೆನೀರಿನ ಪಟ್ಟಿಯನ್ನು ಲಗತ್ತಿಸುವಂತೆ ವರ್ತಕರ ಸಂಘಗಳೇ ಸ್ಥಳೀಯ ಸಂಸ್ಥೆಗಳನ್ನು ಕೇಳಬೇಕು. ಅದರಲ್ಲಿ ಆರು ಅಂಶಗಳು ಸಾಕು. ಉಸುಕು, ಖಡಿಗಳನ್ನು ಗಟಾರದಿಂದ ದೂರವಿರಿಸಿ ಸುತ್ತ ಮಣ್ಣಿನ ಚೀಲಗಳ ಒಡ್ಡು ಹಾಕುವುದು. ಪಾಯದ ಮಣ್ಣಿನ ರಾಶಿಗೆ ತಾಡಪತ್ರಿ ಹೊದಿಸುವುದು. ವಾಹನ ಹೊರಬೀಳುವ ದಾರಿಗೆ ದಪ್ಪ ಖಡಿ ಹಾಸಿ ಗಾಲಿಯ ಕೆಸರು ರಸ್ತೆಗೆ ಬಾರದಂತೆ ನೋಡುವುದು. ಮಿಕ್ಸರ್ ತೊಳೆಯಲು ಪ್ರತ್ಯೇಕ ಗುಂಡಿ. ನಿವೇಶನದ ತಗ್ಗಿನ ಮೂಲೆಯಲ್ಲಿ ನೀರು ತಂಗುವ ಗುಂಡಿ. ಮತ್ತು ಇವೆಲ್ಲವನ್ನೂ ನೋಡಿಕೊಳ್ಳುವ ಒಬ್ಬ ವ್ಯಕ್ತಿಯ ಹೆಸರು.

ನೀರು ತಂಗುವ ಗುಂಡಿ ಹೊಸ ವಿದ್ಯೆಯೇನೂ ಅಲ್ಲ. ವಿಜಯಪುರಕ್ಕೆ ನೀರು ತಂದ ಆದಿಲಶಾಹಿಗಳ ಕಾಲದ ವ್ಯವಸ್ಥೆಯಲ್ಲಿ ದಾರಿಯುದ್ದಕ್ಕೂ ನಿಲ್ಲಿಸಿದ ಗಂಜ್ ಎಂಬ ಕಲ್ಲಿನ ಗೋಪುರಗಳು ನೀರಿನ ಒತ್ತಡವನ್ನು ತಗ್ಗಿಸುವುದರ ಜೊತೆಗೆ ಹೂಳು ಕೆಳಗೆ ಕೂಡ್ರಲು ಎಡೆಮಾಡುತ್ತಿದ್ದವು. ತತ್ತ್ವ ಇಂದಿಗೂ ಅದೇ. 30–40ರ ನಿವೇಶನಕ್ಕೆ ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ನಾಲ್ಕು ಅಡಿ ಆಳದ ಗುಂಡಿ ಸುಮಾರು 2,700 ಲೀಟರ್ ಹಿಡಿಯುತ್ತದೆ. ಎರೆಭೂಮಿಯಲ್ಲಿ ನಿಂತ ನೀರು ಪಾಯಕ್ಕೆ ಹಾನಿ ಮಾಡುವುದರಿಂದ ಗುಂಡಿಯು ಪಾಯದಿಂದ ದೂರವಿರಬೇಕು, ಮಕ್ಕಳು ಬೀಳದಂತೆ ಸುತ್ತ ಬೇಲಿ ಇರಬೇಕು. ಇಂಥ ಗುಂಡಿಯಲ್ಲಿ ಉಸುಕು ಬೇಗನೆ ತಳ ಸೇರುತ್ತದೆ. ಆದರೆ ಎರೆಮಣ್ಣಿನ ಅತಿ ಸಣ್ಣ ಕಣಗಳು ಒಂದು ಮೀಟರ್ ಇಳಿಯಲು ಮೂರು ದಿನಗಳೂ ಬೇಕಾಗುತ್ತವೆ. ಆದಕಾರಣ ಮಣ್ಣಿಗೆ ತಾಡಪತ್ರಿ ಹೊದಿಸುವ ಕೆಲಸವು ಗುಂಡಿ ತೋಡುವುದಕ್ಕಿಂತಲೂ ಮುಖ್ಯ. ಸಿಮೆಂಟಿನ ನೀರು ಸುಣ್ಣದಂತೆ ತೀಕ್ಷ್ಣ ಕ್ಷಾರವಾದುದರಿಂದ ಅದಕ್ಕೆ ಬೇರೆಯ ಗುಂಡಿ ಅನಿವಾರ್ಯ.

ಎರಡನೆಯದಾಗಿ, ತಪಾಸಣೆಗೆ ಗೊತ್ತಾದ ಕಾಲವಿರಬೇಕು. ಮಳೆಗಾಲಕ್ಕೆ ಮೊದಲು ಮೇ ಕೊನೆಯಲ್ಲೊಮ್ಮೆ, ದೊಡ್ಡ ಮಳೆಗಳಿಗೆ ಮೊದಲು ಆಗಸ್ಟ್ ಕೊನೆಯಲ್ಲೊಮ್ಮೆ, ಹೀಗೆ ವರ್ಷಕ್ಕೆ ಎರಡು ಸಲ ಮುಂಚಿತವಾಗಿ ತಿಳಿಸಿದ ದಿನದಂದು ಪಂಚಾಯಿತಿಯ ಅಭಿಯಂತರರು ಮತ್ತು ವರ್ತಕರ ಸಂಘದ ಒಬ್ಬ ಪ್ರತಿನಿಧಿ ಕೂಡಿ ನೋಡಬೇಕು. ಕಂಡ ದೋಷವನ್ನು ಬರೆದು ಸ್ಥಳದಲ್ಲಿಯೇ ಮಾಲೀಕನಿಗೆ ಪ್ರತಿ ಕೊಟ್ಟು ಸರಿಪಡಿಸಲು ವಾರದ ಅವಧಿ ನೀಡಬೇಕು. ದಂಡ ಅದರ ನಂತರದ ಮಾತು. ಉಳಿದ ದಿನಗಳಲ್ಲಿ, ಪ್ರತಿ ದೊಡ್ಡ ಮಳೆಯ ಮರುದಿನ, ಕಾಮಗಾರಿಯ ಮೇಸ್ತ್ರಿಯೇ ನೋಡಿ ವಹಿಯಲ್ಲಿ ಎರಡು ಸಾಲು ಬರೆದಿಟ್ಟರೆ ಸಾಕು.

ಮೂರನೆಯದಾಗಿ, ಸರಕಾರಿ ಕಾಮಗಾರಿಗಳಿಗೂ ಇದೇ ಪಟ್ಟಿ ಅನ್ವಯಿಸಬೇಕು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2010ರಲ್ಲಿ ಹೊರಡಿಸಿದ ನಗರ ನೆರೆ ಮಾರ್ಗಸೂಚಿಯು ಮುಖ್ಯ ಚರಂಡಿಗಳ ಹೂಳೆತ್ತುವ ಕೆಲಸ ಪ್ರತಿವರ್ಷ ಮಾರ್ಚ್ 31ರೊಳಗೆ ಮುಗಿಯಬೇಕೆಂದು ಹೇಳುತ್ತದೆ. ಪಂಚಾಯಿತಿಯು ತನ್ನ ಪಾಲಿನ ಗಡುವನ್ನು ಪಾಲಿಸಿದಾಗ ಮಾತ್ರ ಅಂಗಡಿಯವನಿಗೆ ನೋಟೀಸು ಕೊಡುವ ನೈತಿಕ ಬಲ ಅದಕ್ಕೆ ಬರುತ್ತದೆ. ಎತ್ತಿದ ಹೂಳನ್ನು ಗಟಾರದ ದಂಡೆಯ ಮೇಲೆಯೇ ಬಿಟ್ಟರೆ ಮೊದಲ ಮಳೆಗೇ ಅದು ಮರಳಿ ಒಳಗೆ ಸೇರುವುದರಿಂದ, ಅದನ್ನು ಸಾಗಿಸುವ ಖರ್ಚೂ ಟೆಂಡರಿನಲ್ಲಿ ಸೇರಿರಬೇಕು.

ಈ ಕ್ರಮಗಳಿಗೆ ತಗಲುವ ವೆಚ್ಚ ಒಂದಿಷ್ಟು ತಾಡಪತ್ರಿ, ಖಾಲಿ ಸಿಮೆಂಟು ಚೀಲಗಳು ಮತ್ತು ಒಂದೆರಡು ಆಳಿನ ಕೂಲಿ. ಕೊಚ್ಚಿಹೋಗದೆ ಉಳಿಯುವ ಉಸುಕಿನ ಬೆಲೆಯೇ ಅದರಲ್ಲಿ ಗಣನೀಯ ಪಾಲನ್ನು ತೀರಿಸುತ್ತದೆ. ಉಸುಕಿನ ದರ ಇಂದಿರುವ ಸ್ಥಿತಿಯಲ್ಲಿ ಅದನ್ನು ಗಟಾರಕ್ಕೆ ಬಿಡುವುದು ರೊಕ್ಕವನ್ನೇ ಗಟಾರಕ್ಕೆ ಬಿಟ್ಟಂತೆ. ಇಂದು ಕಟ್ಟಿಸುವವನೂ ನಾಳೆ ಕೆಳಗಿನ ಓಣಿಯ ಅಂಗಡಿಕಾರನೇ ಆಗಿರುತ್ತಾನೆ, ಅವನ ಮೇಲ್ಮಗ್ಗುಲಿಗೆ ಮತ್ತೊಬ್ಬ ಕಟ್ಟಡ ಎತ್ತುತ್ತಾನೆ. ಆದುದರಿಂದ ಈ ಪಟ್ಟಿಯನ್ನು ಬೇಡುವ ಮೊದಲ ಧ್ವನಿ ವರ್ತಕ ಸಮುದಾಯದಿಂದಲೇ ಬರುವುದು ಉಚಿತ. ಮುಂದಿನ ಮೇ ತಿಂಗಳ ಒಳಗೆ ಮನಗೂಳಿಯ ವ್ಯಾಪಾರಸ್ಥರು ಒಂದು ಸಂಜೆ ಸೇರಿ, ತಮ್ಮ ಓಣಿಯ ಗಟಾರವನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ನಡೆದು ನೋಡಿ, ಕಂಡುದನ್ನು ಬರೆದು ಪಂಚಾಯಿತಿಗೆ ಒಪ್ಪಿಸಿದರೆ, ಜಿಲ್ಲೆಯ ಉಳಿದ ಊರುಗಳಿಗೂ ಅದು ಅನುಸರಣೀಯ ಮಾದರಿಯಾದೀತು.